ಅಜ್ಜಿ ಕೂತ ಕಲ್ಲು

ನಮ್ಮ ಸ್ಲೊವಾಕಿಯಾದಲ್ಲಿ ಎಂಟು ಪ್ರಾಂತ. ಎಪ್ಪತ್ತೊಂಬತ್ತು ಜಿಲ್ಲೆ. ಊರುಗಳು ಎರಡು ಸಾವಿರದ ಎಂಟುನೂರಕ್ಕೂ ಮೇಲೆ. ಪ್ರತಿ ಊರಿಗೂ ಒಬ್ಬ ಅಧ್ಯಕ್ಷ, ಒಂದು ಕಚೇರಿ, ಒಂದು ಮೊಹರು. ಇಷ್ಟನ್ನು ನಾನು ಐದನೇ ಕ್ಲಾಸಿನಲ್ಲೇ ಉಸಿರು ಬಿಡದೆ ಒಪ್ಪಿಸುತ್ತಿದ್ದೆ.

ಒಂದು ದಿನ ಟೀಚರು ಜಿಲ್ಲೆಯ ನಕ್ಷೆ ತಂದು ಗೋಡೆಗೆ ನೇತುಹಾಕಿದರು. ಊರಿಗೊಂದು ಬಣ್ಣ. ಮೇಲಿನ ಲೆಸ್ಕೊವಾ ಹಳದಿ. ಕೆಳಗಿನ ಲೆಸ್ಕೊವಾ ಹಸಿರು. ನಡುವೆ ಕಪ್ಪು ಗೆರೆ. ನಾನು ಕೈ ಎತ್ತಿದೆ.

“ನಮ್ಮ ಕೇರಿ ಯಾವ ಬಣ್ಣ ಟೀಚರ್?”

ಟೀಚರು ಕನ್ನಡಕ ಸರಿಮಾಡಿಕೊಂಡು ನಕ್ಷೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. “ನೀವು ಗೆರೆ ಕೆಳಗೆ ಇದ್ದೀರಿ, ಸಿದೋನಿಯಾ. ಕೂತ್ಕೋ.”

ಇಡೀ ಕ್ಲಾಸು ನಕ್ಕಿತು. ನಾನು ಕೂತೆ. ಆಮೇಲೆ ಬಹಳ ದಿನ ನಮ್ಮ ತಲೆಯ ಮೇಲೆ ಎಲ್ಲೋ ಒಂದು ಕಪ್ಪು ಗೆರೆ ಇದೆ ಅಂದುಕೊಂಡು ಆಕಾಶ ನೋಡುತ್ತ ನಡೆಯುತ್ತಿದ್ದೆ. ಗೆರೆ ಇದ್ದದ್ದೂ ಹೌದು. ಮೇಲಿನ ಊರಿಂದ ಕೆಳಗಿನ ಊರಿಗೆ ಹೋಗುವ ಕರೆಂಟಿನ ತಂತಿ. ನಮ್ಮ ಕೇರಿಯ ಮೇಲೇ ಹಾದುಹೋಗುತ್ತಿತ್ತು. ಕೆಳಗೆ ಮಾತ್ರ ಇಳಿಯುತ್ತಿರಲಿಲ್ಲ.

ನಾವು ರೋಮಾ ಜನ, ಊರಿನವರ ಬಾಯಲ್ಲಿ ಜಿಪ್ಸಿಗಳು. ಕೇರಿಯಲ್ಲಿ ಇನ್ನೂರ ಹದಿನಾಲ್ಕು ತಲೆ. ಗುರುತಿನ ಚೀಟಿಯಲ್ಲಿ ವಿಳಾಸ ಅಂತ ಇರುವ ಕಡೆ ಜಿಲ್ಲಾ ಪಟ್ಟಣದ ಹೆಸರೊಂದೇ ಇರುತ್ತದೆ. ಬೀದಿ ಇಲ್ಲ. ಮನೆ ನಂಬರಿಲ್ಲ. ಟಪಾಲಿನವನು ನಮ್ಮ ಕಾಗದಗಳನ್ನೆಲ್ಲ ಮೇಲಿನ ಲೆಸ್ಕೊವಾದ ಹೆಂಡದಂಗಡಿಯಲ್ಲಿ ಕೊಟ್ಟು ಹೋಗುತ್ತಾನೆ. ಅಲ್ಲಿ ಎಲ್ಲರೂ ಓದಿದ ಮೇಲೆ ನಮಗೆ ಸಿಗುತ್ತವೆ.

ನನ್ನನ್ನು ಬೆಳೆಸಿದ್ದು ಅಜ್ಜಿ. ಎತೆಲಾ ಅಂತ ಅವಳ ಹೆಸರು. ಮನೆಯ ಬಾಗಿಲ ಪಕ್ಕದಲ್ಲಿ ಒಂದು ಬೂದು ಕಲ್ಲು, ಮೊಣಕಾಲೆತ್ತರ, ಮೇಲೆ ಚಪ್ಪಟೆ. ಅದರ ಮೇಲೆ ಅವಳು. ಕೈಯಲ್ಲಿ ಕಪ್ಪು ಕಾಫಿ, ತಳದಲ್ಲಿ ಎರಡು ಬೆರಳು ಗಷ್ಟು. ಕಾಲ ಬಳಿ ನಾನು. ಅವಳ ಕಥೆ ಯಾವಾಗಲೂ ಹೀಗೆ ಶುರು: “ನಾನು ಕಂಡಿಲ್ಲ, ಆದರೆ ಕಂಡವರ ಕಣ್ಣು ಕಂಡಿದ್ದೀನಿ.”

ದೆವ್ವದ ಕಥೆ, ಮಾತಾಡುವ ಕುದುರೆಯ ಕಥೆ, ಸತ್ತ ಮೇಲೂ ಸೊಸೆಯ ರೊಟ್ಟಿಗೆ ಹೆಸರಿಡುತ್ತಿದ್ದ ಅತ್ತೆಯ ಕಥೆ, ಎಲ್ಲ ಇದ್ದವು. ನನಗೆ ಇಷ್ಟವಾದದ್ದು ಬೆನ್ನ ಮೇಲೆ ಗಡಿ ಹೊತ್ತವನ ಕಥೆ.

ಬಹಳ ಹಿಂದೆ ಹಿತ್ತಾಳೆ ಕಣ್ಣಿನ ಸಾಹೇಬರು ಬಂದರಂತೆ. ಮೂರು ಕಾಲಿನ ಕೋಲಿನ ಮೇಲೆ ಅವರ ಕಣ್ಣು. ಈ ಊರು ಇಲ್ಲಿಗೆ ಮುಗೀತು, ಆ ಊರು ಇಲ್ಲಿಂದ ಶುರು ಅಂತ ಅವರು ಹೇಳಬೇಕು. ಹೇಳಿದ್ದು ನಿಲ್ಲೋದಕ್ಕೆ ಕಲ್ಲು ನೆಡಬೇಕು. ಕಲ್ಲು ಕ್ವಾರಿಯಲ್ಲಿದೆ, ಎತ್ತಿನ ಗಾಡಿ ಗುಡ್ಡ ಹತ್ತಲ್ಲ. ಆಗ ಅಜ್ಜಿಯ ಅಪ್ಪ ಬಾರ್ತೊನನ್ನು ಕರೆದರು. ಬಾರ್ತೊ ಹಗ್ಗ ಹಣೆಗೆ ಹಾಕಿಕೊಂಡ. ಬೆನ್ನ ಮೇಲೆ ಕಲ್ಲು. ಮೂರು ದಿನ, ಮೂರು ಕಲ್ಲು. ಮೊದಲನೇ ದಿನ ಭುಜದ ಸಿಪ್ಪೆ ಸುಲಿಯಿತು. ಎರಡನೇ ದಿನ ಮೂಗಲ್ಲಿ ರಕ್ತ ಬಂತು. ಮೂರನೇ ದಿನ ಕಲ್ಲು ಇಳಿಸಿದ ಮೇಲೂ ಬೆನ್ನು ನೆಟ್ಟಗಾಗಲಿಲ್ಲ. ಬಗ್ಗಿಕೊಂಡೇ ಕೇಳಿದ: “ಸಾಹೇಬ್ರೇ, ನನ್ನ ಗುಡಿಸಲು ಯಾವ ಕಡೆ ಬಂತು?” ಸಾಹೇಬರು ಹಿತ್ತಾಳೆ ಕಣ್ಣಲ್ಲಿ ನೋಡಿದರು. “ಗುಡಿಸಲಾ? ಕಾಣ್ತಾ ಇಲ್ವಲ್ಲಪ್ಪ” ಅಂದರು.

“ಆಮೇಲೆ?”

“ಆಮೇಲೇನು. ಹಳ್ಳ ಉಕ್ಕಿ ಬಂತು, ದಾರಿ ಬದಲಾಯಿಸ್ತು, ಮೂರನೇ ಕಲ್ಲನ್ನ ಕಿತ್ತು ಬಿಸಾಕ್ತು. ಅಪ್ಪ ಹೋಗಿ ಎತ್ತಿಕೊಂಡು ಬಂದ. ‘ನಾನು ಹೊತ್ತದ್ದು, ನನ್ನ ಬಾಗಿಲಲ್ಲೇ ಇರಲಿ’ ಅಂದ. ಅಕ್ಷರ ಇರೋ ಮುಖ ಮಣ್ಣಿಗೆ ಹಾಕಿದ. ಅದೇ ಇದು.” ಅಜ್ಜಿ ಕಲ್ಲಿನ ಪಕ್ಕೆಗೆ ಕುದುರೆಗೆ ತಟ್ಟುವ ಹಾಗೆ ತಟ್ಟುತ್ತಿದ್ದಳು. ನಾನು ಕಲ್ಲಿಗೆ ಕಿವಿಯಿಟ್ಟು ಕೇಳುತ್ತಿದ್ದೆ. ಒಳಗೆ ಮುತ್ತಜ್ಜನ ಉಸಿರು ಇದೆ ಅಂತ ನನಗೆ ಖಾತ್ರಿ.

ಈಗ ನನಗೆ ಇಪ್ಪತ್ತೆರಡು. ಕಿವಿ ಇಡುವುದು ಬಿಟ್ಟಿರಲಿಲ್ಲ.

*

ನೀರಿನ ಮಾತಿಗೆ ಬರುತ್ತೇನೆ.

ಹಳ್ಳದಲ್ಲಿ ನೀರಿದೆ. ಮೇಲಿನ ಊರಿನ ಚರಂಡಿಗಳೆಲ್ಲ ಅದಕ್ಕೇ ಬಿಡುತ್ತವೆ. ಅದನ್ನು ಕುಡಿಯಲು ಬರುವುದಿಲ್ಲ. ಕುಡಿಯುವ ನೀರು ನಮಗೆ ಹತ್ತಿರದಲ್ಲಿ ಸಿಗುವುದು ಒಂದೇ ಕಡೆ: ಮೇಲಿನ ಲೆಸ್ಕೊವಾದ ಸ್ಮಶಾನ. ಗೋರಿಗಳ ಹೂಗಿಡಕ್ಕೆ ಹಾಕಲು ಅಲ್ಲೊಂದು ನಲ್ಲಿ. ನಮ್ಮ ಕೇರಿಯಿಂದ ನಾನೂರು ಹೆಜ್ಜೆ. ಸತ್ತವರಿಗೆ ನಲ್ಲಿ ಇದೆ. ನಾವಿನ್ನೂ ಸತ್ತಿರಲಿಲ್ಲ.

ಬಕೆಟ್ಟು ಹಿಡಿದು ಹೋದರೆ ಓಡಿಸುತ್ತಿದ್ದರು. ಅದಕ್ಕೇ ನಾವು ಗಿಡಕ್ಕೆ ನೀರು ಹಾಕುವ ಉದ್ದ ಮೂತಿಯ ಡಬ್ಬ ಹಿಡಿದು ಹೋಗುತ್ತಿದ್ದೆವು. ಪ್ರತಿ ಮನೆಯವರೂ ಒಂದೊಂದು ಗೋರಿ ಹಿಡಿದುಕೊಂಡಿದ್ದರು. ನಮ್ಮ ಪಾಲಿಗೆ ಬಂದದ್ದು ಹೆರ್ಮಿನಾ ಅನ್ನುವ ಮುದುಕಿ, ಸತ್ತು ಅರವತ್ತು ವರ್ಷವಾಗಿತ್ತು, ಅವಳಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಅಜ್ಜಿ ಒಂದು ಡಬ್ಬ ನೀರಿಗೆ ಒಂದು ಬೊಗಸೆ ಅವಳಿಗೆ ಹಾಕುತ್ತಿದ್ದಳು. “ತಗೋ ತಾಯಿ, ನಿನ್ನ ಕಮಿಷನ್.” ಇಡೀ ಸ್ಮಶಾನದಲ್ಲಿ ಹೆರ್ಮಿನಾಳಷ್ಟು ಹಸಿರಾಗಿ ಯಾರೂ ಮಲಗಿರಲಿಲ್ಲ.

ಒಬ್ಬೊಬ್ಬರು ದಿನಕ್ಕೆ ಎಂಟು ಸಲ ನಡೆಯಬೇಕು. ಡಬ್ಬದಲ್ಲಿ ಹತ್ತು ಲೀಟರು. ಕೇರಿಯವರು ಗಲೀಜು ಅಂತ ಊರಿನವರ ಬಾಯಲ್ಲಿ ಸದಾ ಇರುವ ಮಾತು. ನನ್ನ ಅಜ್ಜಿಯ ಮನೆಯಲ್ಲಿ ಕುಡಿಯುವ ಬಕೆಟ್ಟು ಬೇರೆ. ಪಾತ್ರೆಗೆ ಬೇರೆ. ಗಂಡಸರ ಬಟ್ಟೆಗೆ ಬೇರೆ ಬೋಗುಣಿ, ಹೆಂಗಸರದಕ್ಕೆ ಬೇರೆ. ಒಂದರ ನೀರು ಇನ್ನೊಂದಕ್ಕೆ ತಾಗಿದರೆ ಅವಳು ಎರಡನ್ನೂ ಚೆಲ್ಲಿಬಿಡುತ್ತಾಳೆ. ಅಷ್ಟು ಮಡಿ. ಚೆಲ್ಲಿದ್ದನ್ನು ಮತ್ತೆ ಹೊತ್ತು ತರುವವಳು ನಾನು. ನನ್ನ ಎಡಗೈ ಬಲಗೈಗಿಂತ ಎರಡು ಬೆರಳು ಉದ್ದವಿದೆ. ತಮಾಷೆಯಲ್ಲ, ಅಳೆದಿದ್ದೇನೆ.

ಸೋಮವಾರದಿಂದ ಗುರುವಾರದವರೆಗೆ ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡು ಮೇಲಿನ ಲೆಸ್ಕೊವಾದ ರಸ್ತೆ ಗುಡಿಸುತ್ತೇನೆ. ಸರ್ಕಾರದ ಸಹಾಯಧನ ಬೇಕಾದರೆ ಗುಡಿಸಬೇಕು. ಇಗರ್ಜಿಯ ಮುಂದೆ, ಕಚೇರಿಯ ಮುಂದೆ, ಅಧ್ಯಕ್ಷ ಕ್ರಾಯ್ನಿಕ್‌ನ ಮನೆಯ ಮುಂದೆ ಎರಡು ಸಲ. ಊರಿನ ಹೆಸರಿನ ಫಲಕ ಬಂದ ಕೂಡಲೇ ನಿಲ್ಲಿಸಬೇಕು. ಒಂದು ಸಲ ಯಾವುದೋ ಹಗಲುಗನಸಿನಲ್ಲಿ ನಾನು ಫಲಕ ದಾಟಿ ನಾಲ್ಕು ಮಾರು ಗುಡಿಸಿಬಿಟ್ಟೆ. ಕ್ರಾಯ್ನಿಕ್ ಕಾರು ನಿಲ್ಲಿಸಿ ಗಾಜು ಇಳಿಸಿದ.

“ಏ ಹುಡುಗಿ! ಅದು ನಮ್ಮದಲ್ಲ. ಊರಿನ ಪೊರಕೆ ಯಾಕೆ ಸವೆಸ್ತೀಯಾ?”

ಪೊರಕೆಗೆ ಊರಿತ್ತು.

ಜುಲೈನಲ್ಲಿ ಹಳ್ಳ ಬತ್ತಿತು. ಸ್ಮಶಾನದ ನಲ್ಲಿಯ ಮುಂದೆ ಡಬ್ಬಗಳ ಸಾಲು ಗೇಟಿನಾಚೆ ಬಂತು. ಊರಿನವರಿಗೆ ಅದು ಕಣ್ಣಿಗೆ ಚುಚ್ಚಿತು. ಒಂದು ಬೆಳಗ್ಗೆ ಹೋಗಿ ನೋಡಿದರೆ ನಲ್ಲಿಗೆ ತಿರುವುವ ಹಿಡಿಯೇ ಇಲ್ಲ. ಕ್ರಾಯ್ನಿಕ್ ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಹೋಗಿದ್ದ.

ಅಂದಿನಿಂದ ಹಳ್ಳದ ಗುಂಡಿಗಳ ನೀರನ್ನೇ ಬಟ್ಟೆಯಲ್ಲಿ ಸೋಸಿ ಕುಡಿದೆವು. ಎರಡು ವಾರ ಕಳೆದಾಗ ಐದು ಮಕ್ಕಳ ಕಣ್ಣು ಕಾಮಾಲೆಯಿಂದ ಹಳದಿಯಾಯಿತು. ನನ್ನ ಅಕ್ಕನ ಮಗಳು ರೆಬೆಕಾ, ನಾಲ್ಕು ವರ್ಷ, ಆಸ್ಪತ್ರೆಯಲ್ಲಿ ಹದಿನೆಂಟು ದಿನ ಮಲಗಿದಳು. ಡಾಕ್ಟರಮ್ಮ ನನಗೆ ಬಣ್ಣದ ಚಿತ್ರಗಳ ಒಂದು ಹಾಳೆ ಕೊಟ್ಟಳು. ಕೈ ತೊಳೆಯುವುದು ಹೇಗೆ ಅಂತ. ಮೊದಲನೇ ಚಿತ್ರ: ನಲ್ಲಿ ತಿರುಗಿಸಿ.

ಆ ಹಾಳೆಯನ್ನು ನಾನು ಅಲ್ಲೇ ಹರಿದೆ. ಡಾಕ್ಟರಮ್ಮನ ತಪ್ಪೇನೂ ಇರಲಿಲ್ಲ. ಆದರೂ ಹರಿದೆ.

*

ಅಲ್ಲಿಂದ ನೇರ ಮೇಲಿನ ಲೆಸ್ಕೊವಾದ ಕಚೇರಿಗೆ ಹೋಗಿ ಅರ್ಜಿ ಕೊಟ್ಟೆ. ಕೇರಿಗೊಂದು ನಲ್ಲಿ ಬೇಕು. ಆಮೇಲೆ ಕೆಳಗಿನ ಲೆಸ್ಕೊವಾಕ್ಕೆ ಹೋದೆ. ಅಲ್ಲಿಯ ಅಧ್ಯಕ್ಷೆ ಸೋಪ್ಕೊವಾ, ಕೂದಲು ಯಾವಾಗಲೂ ಕೇಕಿನ ಹಾಗೆ ಕಟ್ಟಿರುತ್ತಾಳೆ. ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದಳು.

“ಯಾವೂರಮ್ಮ ನಿಂದು?”

“ಅದನ್ನೇ ಕೇಳಕ್ಕೆ ಬಂದೆ ಮೇಡಂ.”

“ಹಳ್ಳದಾಚೆ ತಾನೆ? ಹಾಗಾದ್ರೆ ಮೇಲಿನೋರಿಗೆ ಸೇರಿದೋರು.”

“ಹಳ್ಳ ದಾರಿ ಬದಲಾಯಿಸ್ತಲ್ಲ ಮೇಡಂ. ಹಳೇ ಹಳ್ಳ ನೋಡಿದ್ರೆ ನಿಮಗೆ ಸೇರಿದೋರು ಅಂತಾರೆ ಅವರು.”

“ಹಳ್ಳಕ್ಕೆ ಬುದ್ಧಿ ಇಲ್ಲ, ಅವರಿಗೂ ಇಲ್ವಾ?” ಅಂದು ಬಾಗಿಲು ಹಾಕಿಕೊಂಡಳು.

ಹತ್ತು ದಿನಕ್ಕೆ ಎರಡು ಉತ್ತರ ಬಂದವು, ಹೆಂಡದಂಗಡಿಯ ಮೂಲಕ. ಎರಡರಲ್ಲೂ ಅದೇ ವಾಕ್ಯ, ಮೊಹರು ಮಾತ್ರ ಬೇರೆ. “ತಾವು ತಿಳಿಸಿರುವ ಸ್ಥಳದಲ್ಲಿ ನಮ್ಮ ದಾಖಲೆಗಳ ಪ್ರಕಾರ ಯಾರೂ ವಾಸವಾಗಿರುವುದಿಲ್ಲ.”

ಅಜ್ಜಿಗೆ ಓದಿ ಹೇಳಿದೆ. ಅವಳು ಕಾಫಿ ಗುಟುಕರಿಸಿ, “ಎರಡೂ ಜೋಪಾನವಾಗಿಡು” ಅಂದಳು. “ಯಾರೂ ಇಲ್ಲದ ಜಾಗದಲ್ಲಿ ಕಾಗದ ಕಳೆದುಹೋದ್ರೆ ಹುಡುಕೋರು ಯಾರು?”

ನನ್ನ ಸೋದರಮಾವ ಗೇಜಾ ಅಲ್ಲೇ ಇದ್ದ. ದೊಡ್ಡ ದೇಹ, ಅದಕ್ಕಿಂತ ದೊಡ್ಡ ನಗು. ತನ್ನ ಹೊಟ್ಟೆ ಹಿಸುಕಿಕೊಂಡು, “ನಾನಿಲ್ಲ ಅಂತ ಸರ್ಕಾರವೇ ಹೇಳಿದ ಮೇಲೆ ಇವತ್ತಿಂದ ಸಾಲ ಕೊಟ್ಟೋರಿಗೆ ಇದನ್ನೇ ತೋರಿಸ್ತೀನಿ” ಅಂದ. ಎಲ್ಲರೂ ನಕ್ಕೆವು. ನಕ್ಕು ಮುಗಿದ ಮೇಲೆ ಡಬ್ಬ ಹಿಡಿದು ಹಳ್ಳದ ಕಡೆ ಹೊರಟೆವು.

*

ಆಗಸ್ಟ್ ಕೊನೆಯಲ್ಲಿ ಬ್ರಾತಿಸ್ಲಾವಾದಿಂದ ಒಂದು ಗಾಳಿಸುದ್ದಿ ಹೊರಟಿತು. ಇಡೀ ದೇಶ ದಾಟಿ ಪೂರ್ವಕ್ಕೆ ಬಂದು ನಮ್ಮ ಎರಡು ಲೆಸ್ಕೊವಾಗಳನ್ನು ಮುಟ್ಟಿತು. ದೇಶ ಸಣ್ಣದು, ಊರುಗಳು ಜಾಸ್ತಿಯಾದವಂತೆ. ಸಾವಿರ ತಲೆ ಇಲ್ಲದ ಊರನ್ನು ಪಕ್ಕದ ಊರಿಗೆ ಸೇರಿಸಿಬಿಡುತ್ತಾರಂತೆ. ಕಚೇರಿ ಹೋಗುತ್ತದೆ. ಮೊಹರು ಹೋಗುತ್ತದೆ. ಅಧ್ಯಕ್ಷ ಹೋಗುತ್ತಾನೆ. ಸೆಪ್ಟೆಂಬರ್ ಮೂವತ್ತಕ್ಕೆ ಎಷ್ಟು ತಲೆ ಇದೆಯೋ ಅಷ್ಟೇ ಲೆಕ್ಕವಂತೆ.

ಮೇಲಿನ ಲೆಸ್ಕೊವಾದಲ್ಲಿ ಎಂಟುನೂರ ಎಪ್ಪತ್ತು. ಕೆಳಗಿನದರಲ್ಲಿ ಎಂಟುನೂರ ನಲವತ್ತಾರು. ನಡುವೆ, ಗೆರೆಯ ಕೆಳಗೆ, ಇನ್ನೂರ ಹದಿನಾಲ್ಕು.

ಒಂದು ಬೆಳಗ್ಗೆ ಕ್ರಾಯ್ನಿಕ್ ನಮ್ಮ ಕೇರಿಗೆ ನಡೆದುಕೊಂಡು ಬಂದ. ಕಾರಲ್ಲಲ್ಲ, ನಡೆದು. ಕಂಕುಳಲ್ಲಿ ವೇಫರ್ ಬಿಸ್ಕತ್ತಿನ ಡಬ್ಬ. ಅಜ್ಜಿಯ ಮುಂದೆ ಟೋಪಿ ತೆಗೆದ.

“ಹೇಗಿದ್ದೀರಮ್ಮ, ಎತೆಲಾ ಅಮ್ಮ?”

ಅಜ್ಜಿ ಹಿಂದೆ ತಿರುಗಿ ನೋಡಿದಳು. ಬೇರೆ ಯಾರೋ ಎತೆಲಾ ಅಮ್ಮ ನಿಂತಿದ್ದಾಳೇನೋ ಅಂತ. “ನನ್ನನ್ನಾ? ಹೋದ ತಿಂಗಳು ‘ಏ ಮುದುಕಿ’ ಅಂತಿದ್ದೆ.”

“ಹಳೇದೆಲ್ಲ ಯಾಕಮ್ಮ. ನೀವೆಲ್ಲ ನಮ್ಮೋರು. ಎಷ್ಟು ತಲೆಮಾರಿಂದ ನಮ್ಮೂರು ಗುಡಿಸ್ತಿದ್ದೀರಿ!”

ಮಧ್ಯಾಹ್ನ ಸೋಪ್ಕೊವಾ ಬಂದಳು. ಹಿಂದೆ ಇಬ್ಬರು ಗಂಡಸರು, ನಡುವೆ ಗುಲಾಶ್ ಅನ್ನುವ ಮಾಂಸದ ಸಾರಿನ ಹಂಡೆ. ಕೇಕಿನಂಥ ಕೂದಲು ಗಾಳಿಗೆ ಒಂದು ಕಡೆ ವಾಲಿತ್ತು. ಹಂಡೆ ಇಳಿಸಿ ರೆಬೆಕಾಳನ್ನು ಎತ್ತಿ ಮುದ್ದಾಡಿದಳು. ಮಗು ಅವಳ ಕೂದಲು ಹಿಡಿದು ಎಳೆಯಿತು. “ಪರವಾಗಿಲ್ಲ, ಪರವಾಗಿಲ್ಲ” ಅಂದಳು, ಕಣ್ಣಲ್ಲಿ ನೀರು ಬರುತ್ತಿದ್ದರೂ. “ನಮ್ಮೂರ ಮಗು ತಾನೆ!”

ಗುಲಾಶ್ ಚೆನ್ನಾಗಿತ್ತು. ಸುಳ್ಳು ಹೇಳುವುದಿಲ್ಲ. ವೇಫರ್ ಡಬ್ಬವೂ ಖಾಲಿಯಾಯಿತು. ತಿಂದು ಕೈ ತೊಳೆಯುವುದಕ್ಕೆ ನೀರಿರಲಿಲ್ಲ. ಎಲ್ಲರೂ ಕೈ ಬಾಯಿ ಅಂಗಿಗೆ ಒರೆಸಿಕೊಂಡೆವು.

ಮಾರನೇ ದಿನದಿಂದ ಇಬ್ಬರೂ ಅಧ್ಯಕ್ಷರು ಹಾಳೆ ಹಿಡಿದು ಬರತೊಡಗಿದರು. ಸಹಿ ಹಾಕಿ, ನಮ್ಮೂರಲ್ಲಿ ಹೆಸರು ಬರೆಸಿ. ಒಬ್ಬರು ಬಂದಾಗ ಇನ್ನೊಬ್ಬರೂ ಓಡಿ ಬರುತ್ತಿದ್ದರು. ಕೊನೆಗೆ ಜಗಳ ಜಿಲ್ಲೆಗೆ ಹೋಯಿತು. ಜಾಗ ಯಾವ ಊರಿನದೋ ಆ ಊರಿಗೆ ಜನ, ಮೋಜಣಿ ಆಗಲಿ ಅಂತ ಜಿಲ್ಲೆಯಿಂದ ಒಬ್ಬ ಮೋಜಣಿದಾರನನ್ನು ಕಳಿಸಿದರು.

*

ಮೋಜಣಿದಾರನ ಹೆಸರು ವೊಯ್ತೆಕ್. ತೆಳ್ಳಗೆ, ಕಿವಿ ಕೆಂಪು. ಮೂರು ಕಾಲಿನ ಕೋಲು ನಿಲ್ಲಿಸಿ ಮೇಲೆ ಯಂತ್ರ ಕೂರಿಸಿದ. ಹಿತ್ತಾಳೆ ಕಣ್ಣಿನ ಸಾಹೇಬ ಕಥೆಯೊಳಗಿಂದ ಇಳಿದು ಬಂದು ನಮ್ಮ ಎಲೆಕೋಸಿನ ಪಾತಿಯಲ್ಲಿ ನಿಂತಿದ್ದ. ಕಣ್ಣು ಈಗ ಪ್ಲಾಸ್ಟಿಕ್ಕಿನದು, ಅಷ್ಟೇ.

ಎರಡು ದಿನ ಓಡಾಡಿದ. ಮೂರನೇ ದಿನ ಹುಲ್ಲಿನ ಮೇಲೆ ಕೂತು ತಲೆ ಕೆರೆದುಕೊಂಡ. ಮೇಲಿನ ಊರಿನ ನಕ್ಷೆಯಲ್ಲಿ ಗಡಿ ಒಂದು ಕಡೆ, ಕೆಳಗಿನ ಊರಿನ ನಕ್ಷೆಯಲ್ಲಿ ಇನ್ನೊಂದು ಕಡೆ, ನಡುವೆ ನಮ್ಮ ಮೂವತ್ತೆಂಟು ಮನೆ. ಮೂರು ಗಡಿಕಲ್ಲು ಇರಬೇಕಿತ್ತು. ಎರಡು ಸಿಕ್ಕವು, ಗುಡ್ಡದ ಮೇಲೆ. ಮೂರನೆಯದು ಇಲ್ಲ.

“ಅದೊಂದು ಸಿಕ್ಕಿದ್ರೆ ಎಲ್ಲ ಸರಿಹೋಗುತ್ತೆ. ಎಲ್ಲಿಂದ ಎಷ್ಟು ದೂರಕ್ಕೆ ನೆಟ್ಟಿದ್ದು ಅಂತ ಕಲ್ಲಿನ ಮೇಲೇ ಕೆತ್ತಿರ್ತಾರೆ” ಅಂದ. ಅವನಿಗೆ ಮರಿಕ್ಲಾ ರೊಟ್ಟಿ ತಂದುಕೊಟ್ಟಿದ್ದೆ, ಒಲೆಯ ತಗಡಿನ ಮೇಲೆ ಆಗಷ್ಟೇ ಸುಟ್ಟದ್ದು. ಅವನು ತಿನ್ನುತ್ತಿದ್ದ. ಬಿಸಿಲು ಹಿತವಾಗಿತ್ತು. ದೂರದಲ್ಲಿ ತಾತ್ರಾ ಬೆಟ್ಟಗಳು ಮೋಡದಿಂದ ತಲೆ ಹೊರಗೆ ಹಾಕಿದ್ದವು. ನನ್ನ ಬಾಯಿಗೆ ಕಾವಲಿರಲಿಲ್ಲ. ಬೆನ್ನ ಮೇಲೆ ಗಡಿ ಹೊತ್ತವನ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿಬಿಟ್ಟೆ.

ಅವನು ಅಗಿಯುವುದನ್ನು ನಿಲ್ಲಿಸಿದ. “ಆ ಕಲ್ಲು ಎಲ್ಲಿದೆ?”

ನಾನು ಬೆರಳು ತೋರಿಸಿದೆ. ತೋರಿಸಿದ ಬೆರಳನ್ನು ತಕ್ಷಣ ಮಡಚಿಕೊಂಡೆ. ಗಡಿಕಲ್ಲು ಕಿತ್ತವರಿಗೆ ಜೈಲು ಅಂತ ಕಚೇರಿಯ ಗೋಡೆಯ ಮೇಲೇ ಬರೆದಿತ್ತು.

ಅರ್ಧ ಗಂಟೆಯಲ್ಲಿ ಇಬ್ಬರೂ ಅಧ್ಯಕ್ಷರು ಹಾಜರು. ಇಡೀ ಕೇರಿ ಸೇರಿತು. ಅಜ್ಜಿ ಕಲ್ಲಿನ ಮೇಲೆ ಕೂತು ಆಲೂಗಡ್ಡೆ ಹೆರೆಯುತ್ತಿದ್ದಳು. ನನ್ನ ಮುಖ ಒಂದು ಸಲ ನೋಡಿದಳು, ಎಲ್ಲ ತಿಳಿಯಿತು. ಬೈಯಲಿಲ್ಲ. ಚಾಕು ಪಕ್ಕಕ್ಕಿಟ್ಟಳು.

“ಸ್ವಲ್ಪ ಏಳಿ ಅಮ್ಮ” ಅಂದ ವೊಯ್ತೆಕ್. “ಕಲ್ಲು ಮಗುಚಿ ನೋಡಬೇಕು.”

“ಏಳಲ್ಲ.”

“ಎರಡೇ ನಿಮಿಷ.”

“ನೀರು ಬರಲಿ. ಏಳ್ತೀನಿ.”

ನನ್ನ ಅಜ್ಜಿ ಎಪ್ಪತ್ತಾರು ವರ್ಷದಲ್ಲಿ ಯಾರಿಗೂ ಇಲ್ಲ ಅಂದವಳಲ್ಲ. ಏಳು ಅಂದರೆ ಎದ್ದಿದ್ದಾಳೆ. ಹೋಗು ಅಂದರೆ ಹೋಗಿದ್ದಾಳೆ. ಆಸ್ಪತ್ರೆಯ ಬೆಂಚಿನಿಂದ, ಬಸ್ಸಿನ ಸೀಟಿನಿಂದ, ಇಗರ್ಜಿಯ ಹಿಂದಿನ ಸಾಲಿನಿಂದ. ಅವಳ ಬಾಯಲ್ಲಿ ಆ ಮಾತು ಎಷ್ಟು ಸಲೀಸಾಗಿ ಬಂತು ಅಂದರೆ, ಅಷ್ಟು ವರ್ಷದಿಂದ ಅದು ನಾಲಿಗೆಯ ಕೆಳಗೇ ಇತ್ತು ಅನ್ನಿಸಿತು.

ಕ್ರಾಯ್ನಿಕ್ ಮುಖ ಕೆಂಪಾಯಿತು. “ಗಡಿಕಲ್ಲು ಕದಿಯೋದು ಅಪರಾಧ, ಗೊತ್ತಾ? ಪೊಲೀಸರನ್ನ ಕರೀತೀನಿ.”

“ಕರಿ. ನಾನೇನು ಕಲ್ಲು ಹೊತ್ಕೊಂಡು ಓಡ್ತಿದ್ದೀನಾ? ಕೂತಿದ್ದೀನಿ.”

“ಎತ್ತಿ ಪಕ್ಕಕ್ಕಿಡ್ರೋ ಈ ಮುದುಕೀನ!”

“ಮುಟ್ಟು ನೋಡೋಣ!” ಅಂದದ್ದು ಸೋಪ್ಕೊವಾ. “ನಮ್ಮೂರಿನ ಹೆಂಗಸು ಅದು!”

“ನಿಮ್ಮೂರಾ? ಯಾವಾಗಿಂದ?”

ಆಗ ನಾನು ಒಳಗೆ ಹೋಗಿ ಎರಡು ಕಾಗದ ತಂದೆ. ಮೊದಲು ಒಂದನ್ನು ಓದಿದೆ, ಮೊಹರು ತೋರಿಸಿದೆ. ಆಮೇಲೆ ಇನ್ನೊಂದು. “ಯಾರೂ ವಾಸವಾಗಿರುವುದಿಲ್ಲ. ನಿಮ್ಮ ಸಹಿ, ಕ್ರಾಯ್ನಿಕ್ ಸಾಹೇಬ್ರೇ. ನಿಮ್ಮ ಸಹಿ, ಸೋಪ್ಕೊವಾ ಮೇಡಂ. ನಾವಿಲ್ಲ ಅಂತ ನೀವೇ ಬರೆದಿದ್ದೀರಿ. ಇಲ್ಲದೋರು ಸಹಿ ಹಾಕೋದು ಹೇಗೆ? ಇಲ್ಲದೋರು ಏಳೋದು ಹೇಗೆ?”

“ಅದು... ಕಚೇರಿ ಭಾಷೆ” ಅಂದ ಕ್ರಾಯ್ನಿಕ್.

“ನಮ್ಮ ಮಕ್ಕಳು ಕುಡಿದಿದ್ದು ಕಚೇರಿ ಭಾಷೆ ಅಲ್ಲ. ಚರಂಡಿ ನೀರು. ನಲ್ಲಿ ಹಿಡಿ ನಿಮ್ಮ ಜೇಬಲ್ಲಿತ್ತು. ಇನ್ನೂ ಇದೆಯಾ?”

ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಕೇರಿಯ ಹೆಂಗಸರು ಘೊಳ್ಳೆಂದು ನಕ್ಕರು.

*

ಹನ್ನೊಂದು ದಿನ ಕಲ್ಲು ಖಾಲಿಯಾಗಲಿಲ್ಲ. ಅಜ್ಜಿ ಒಂದಕ್ಕೆ ಎರಡಕ್ಕೆ ಹೋದಾಗ ಗೇಜಾ ಮಾವ ಕೂರುತ್ತಿದ್ದ. ಅವನು ಊಟಕ್ಕೆ ಹೋದಾಗ ನನ್ನ ಅಕ್ಕ. ಮಳೆ ಬಂದಾಗ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿದೆವು. ಗೇಜಾ ಮಾವ ಕೂತಾಗ ಕಲ್ಲು ಒಂದು ಬೆರಳು ಮಣ್ಣಿಗೆ ಇಳಿಯುತ್ತದೆ ಅಂತ ಅಜ್ಜಿಯ ತಕರಾರು. “ಮೆಲ್ಲಗೆ ಕೂರೋ. ಗಡಿ ಆಸ್ಟ್ರಿಯಾಕ್ಕೆ ತಲುಪೀತು!”

ಕಿತ್ತಳೆ ಅಂಗಿಯವರು ಯಾರೂ ಗುಡಿಸಲು ಹೋಗಲಿಲ್ಲ. ಇಲ್ಲದವರು ಗುಡಿಸುವುದು ಹೇಗೆ? ಮೇಲಿನ ಲೆಸ್ಕೊವಾದ ಇಗರ್ಜಿಯ ಮುಂದೆ ಲಿಂಡೆನ್ ಮರದ ಎಲೆ ಮೊಣಕಾಲಷ್ಟು ಸೇರಿತು. ಭಾನುವಾರ ಪಾದ್ರಿ ಜಾರಿ ಬಿದ್ದರಂತೆ. ಅವರಿಗೆ ಪೆಟ್ಟಾಗಲಿಲ್ಲ ಅಂತ ತಿಳಿದ ಮೇಲೆಯೇ ನಾವು ನಕ್ಕಿದ್ದು.

ನಾಲ್ಕನೇ ದಿನ ಕೆಳಗಿನ ಕಡೆಯಿಂದ ನೀಲಿ ಪೈಪುಗಳ ಲಾರಿ ಬಂತು. ಸೋಪ್ಕೊವಾ ಲಾರಿಯ ಮುಂದೆ ಕೂತಿದ್ದಳು. ಅದನ್ನು ನೋಡಿ ಕ್ರಾಯ್ನಿಕ್ ಆ ದಿನವೇ ಸ್ಮಶಾನದ ನಲ್ಲಿಯಿಂದ ನಮ್ಮ ಕೇರಿಗೆ ಸುಣ್ಣದ ಗೆರೆ ಎಳೆಸಿದ. ಕಾಲುವೆ ತೋಡುವವರು ಯಾರು? ಮತ್ತೆ ನಮ್ಮವರೇ. ಎರಡು ಕಡೆಯೂ ನಮ್ಮವರೇ. ಗುದ್ದಲಿ ನಮ್ಮದು. ಬೆವರು ನಮ್ಮದು. ಚಳಿಗಾಲದಲ್ಲಿ ಪೈಪಿನ ನೀರು ಹೆಪ್ಪುಗಟ್ಟದ ಹಾಗೆ ಎದೆಯುದ್ದ ಆಳ ತೋಡಬೇಕು, ನೆಲವೆಲ್ಲ ಬರೀ ಕಲ್ಲು. ಗೇಜಾ ಮಾವನ ಅಂಗೈಯ ಬೊಬ್ಬೆ ಒಡೆದು ಹಿಡಿಕೆ ಕೆಂಪಾಯಿತು. ಹೆಂಗಸರು ಮಣ್ಣನ್ನು ಮಕ್ಕಳ ಗಾಡಿಯಲ್ಲಿ ತುಂಬಿ ಸಾಗಿಸಿದೆವು. ಬೆನ್ನು ಬಿಚ್ಚಿಬೀಳುತ್ತದೆ ಅನ್ನಿಸಿದಾಗ ನನಗೆ ಮುತ್ತಜ್ಜ ಬಾರ್ತೊ ನೆನಪಾದ. ಅವನು ಹೊತ್ತದ್ದು ಅವರ ಗೆರೆ. ನಾವು ತೋಡಿದ್ದು ನಮ್ಮ ನೀರು.

ಸ್ಮಶಾನದ ಕಡೆಯಿಂದ ನೀರು ಮೊದಲು ಬಂತು. ಒಂಬತ್ತನೇ ದಿನ. ಮೊದಲು ಕೆಮ್ಮಿತು, ಆಮೇಲೆ ಉಗುಳಿತು, ಆಮೇಲೆ ಹರಿಯಿತು. ಮಕ್ಕಳು ಬಟ್ಟೆ ಸಮೇತ ಅದರ ಕೆಳಗೆ ನುಗ್ಗಿದರು. ಕ್ರಾಯ್ನಿಕ್ ಕೈ ಒರೆಸಿಕೊಂಡು ಅಜ್ಜಿಯ ಮುಂದೆ ನಿಂತ. “ಆಯ್ತಲ್ಲ ಎತೆಲಾ ಅಮ್ಮ. ಏಳಿ ಮತ್ತೆ.”

ಅಜ್ಜಿ ಕೆಳಗಿನ ದಾರಿಯ ಕಡೆ ನೋಡಿದಳು. “ಅವಳದೂ ಬರಲಿ.”

“ಎರಡು ನಲ್ಲಿ ಯಾಕಮ್ಮ ನಿಮಗೆ?”

“ಕುಡಿಯೋದಕ್ಕೆ ಒಂದು. ತೊಳಿಯೋದಕ್ಕೆ ಒಂದು. ನಮ್ಮಲ್ಲಿ ಎರಡನ್ನೂ ಒಂದು ಮಾಡಲ್ಲಪ್ಪ. ನಿಮ್ಮಷ್ಟು ಗಲೀಜಲ್ಲ ನಾವು.”

ಹನ್ನೊಂದನೇ ದಿನ ಸೋಪ್ಕೊವಾಳ ನಲ್ಲಿಯೂ ಹರಿಯಿತು. ಅಜ್ಜಿ ಒಂದರಲ್ಲಿ ಕೈ ತೊಳೆದಳು. ಇನ್ನೊಂದರಿಂದ ಬೊಗಸೆ ತುಂಬಿ ಕುಡಿದಳು. ಕಣ್ಣು ಮುಚ್ಚಿ ಕುಡಿದಳು. ಬಹಳ ಹೊತ್ತು ಕುಡಿದಳು. ಸೆರಗಿನಂಥ ತಲೆವಸ್ತ್ರದ ಅಂಚಿನಿಂದ ಗದ್ದ ಒರೆಸಿಕೊಂಡು ವೊಯ್ತೆಕ್‌ಗೆ ಹೇಳಿದಳು: “ಈಗ ನೋಡ್ಕೋ ಮಗಾ.”

ಗೇಜಾ ಮಾವ ಹಾರೆ ಹಾಕಿದ. ಕಲ್ಲು ಒಂದು ಕಡೆ ಎದ್ದಿತು. ಇಬ್ಬರೂ ಅಧ್ಯಕ್ಷರು ಮಂಡಿಯೂರಿ ಬಗ್ಗಿದರು. ಇಪ್ಪತ್ತೆರಡು ವರ್ಷ ಕಿವಿಯಿಟ್ಟ ಕಲ್ಲಿನ ಇನ್ನೊಂದು ಮುಖ ನೋಡುವವಳಿದ್ದೆ.

ಕಲ್ಲು ಮಗುಚಿ ಬಿತ್ತು.

ನಾಲ್ಕು ಎರೆಹುಳು. ಒಂದು ಜೀರುಂಡೆ. ನುಣ್ಣನೆ ಕಲ್ಲು. ಅಕ್ಷರ ಇಲ್ಲ. ಗೀಟು ಇಲ್ಲ. ಉಳಿ ತಾಗಿದ ಗುರುತೇ ಇಲ್ಲ.

ವೊಯ್ತೆಕ್ ನೀರು ಹಾಕಿ ತೊಳೆದು ನೋಡಿದ. ಬೆರಳಾಡಿಸಿದ. “ಇದು ಗಡಿಕಲ್ಲಲ್ಲ” ಅಂದ. “ಹಳ್ಳದ ಕಲ್ಲು.”

ಕ್ರಾಯ್ನಿಕ್ ಮಂಡಿಯ ಮಣ್ಣನ್ನೂ ಕೊಡವದೆ ಎದ್ದು ನಿಂತ. “ನೀನು... ನೀನು ಸುಳ್ಳು ಹೇಳಿದೆ!”

“ನಾನ್ಯಾವಾಗ ಹೇಳಿದೆ?” ಅಜ್ಜಿ ಕಣ್ಣರಳಿಸಿದಳು. “ನೀರು ಬಂದ್ರೆ ಏಳ್ತೀನಿ ಅಂದೆ. ನೀರು ಬಂತು. ಎದ್ದೆ. ಕಲ್ಲಿನ ವಿಷಯ ಮಕ್ಕಳಿಗೆ ಮೊಮ್ಮಕ್ಕಳಿಗೆ ಹೇಳೋ ಕಥೆ. ಐವತ್ತು ವರ್ಷದಿಂದ ಹೇಳ್ತಿದ್ದೀನಿ, ದೊಡ್ಡೋರು ನಂಬಿದ್ದು ಇದೇ ಮೊದಲು.”

“ನಲ್ಲಿ ಕಿತ್ತು ಹಾಕಿಸ್ತೀನಿ!”

“ಕಿತ್ತು ಹಾಕು” ಅಂದಳು ಸೋಪ್ಕೊವಾ ತಣ್ಣಗೆ. “ಮೂವತ್ತನೇ ತಾರೀಖಿಗೆ ಒಂದು ವಾರ ಇದೆ. ನಿನ್ನ ನಲ್ಲಿ ಹೋದ ದಿನ ಇವರೆಲ್ಲ ನಮ್ಮೋರು ಅಂತ ನೀನೇ ಒಪ್ಪಿದ ಹಾಗೆ.”

ಕ್ರಾಯ್ನಿಕ್ ಟೋಪಿ ಎಳೆದುಕೊಂಡು ಹಿಂದೆ ಸರಿದ. ಸೋಪ್ಕೊವಾಳೂ ಅದೇ ಕಾರಣಕ್ಕೆ ತನ್ನ ನಲ್ಲಿ ಕೀಳಲಾರಳು. ನೂರು ವರ್ಷ ನಮ್ಮನ್ನು ಇಬ್ಬರಿಗೂ ಬೇಡವಾಗಿಸಿದ ಗೆರೆ ಈಗ ಎರಡು ನಲ್ಲಿಗಳಿಗೂ ಕಾವಲು ನಿಂತಿತ್ತು. ವೊಯ್ತೆಕ್ ತನ್ನ ಪುಸ್ತಕದಲ್ಲಿ “ಮೂರನೇ ಗಡಿಗುರುತು ಪತ್ತೆಯಾಗಿಲ್ಲ” ಅಂತ ಬರೆದ. ಬರೆಯುವಾಗ ಮುಖ ಆ ಕಡೆ ತಿರುಗಿಸಿಕೊಂಡಿದ್ದ. ಅವನ ಕೆಂಪು ಕಿವಿಗಳು ನಗುವಿಗೆ ಅಲ್ಲಾಡುತ್ತಿದ್ದವು.

ಮೂವತ್ತನೇ ತಾರೀಖು ಬಂತು, ಹೋಯಿತು. ಬ್ರಾತಿಸ್ಲಾವಾದಲ್ಲಿ ಮಾತು ಇನ್ನೂ ಮುಗಿದಿಲ್ಲವಂತೆ, ಮುಂದಿನ ವರ್ಷ ನೋಡುತ್ತಾರಂತೆ. ಇಬ್ಬರೂ ಅಧ್ಯಕ್ಷರು ಈಗಲೂ ಸಿಕ್ಕಾಗ ಅಜ್ಜಿಗೆ “ಅಮ್ಮ” ಅನ್ನುತ್ತಾರೆ, ಹಲ್ಲು ಕಚ್ಚಿಕೊಂಡು. ಕರೆಂಟಿನ ತಂತಿ ಇನ್ನೂ ತಲೆಯ ಮೇಲೇ ಇದೆ. ಅದರ ಅರ್ಜಿ ಬರೆಯುತ್ತಿದ್ದೇನೆ. ಅಜ್ಜಿ ದಿನಕ್ಕೆ ಒಂದು ಬೊಗಸೆ ನೀರು ತೆಗೆದುಕೊಂಡು ಹೆರ್ಮಿನಾಳ ಗೋರಿಗೆ ಹೋಗುವುದನ್ನು ಬಿಟ್ಟಿಲ್ಲ.

ಕಲ್ಲು ಮಗುಚಿದ ದಿನದ ಸಂಜೆಯೇ ಅದನ್ನು ಮತ್ತೆ ಬಾಗಿಲ ಪಕ್ಕಕ್ಕೆ ಉರುಳಿಸಿ ಕೂರಿಸಿದೆವು. ಅಜ್ಜಿ ಕೂತಳು. ನಾನು ಕಾಲ ಬಳಿ ಕೂತೆ. ನನಗೆ ಸಿಟ್ಟು ಬಂದಿತ್ತು, ಅಳುವೂ.

“ಹಾಗಾದ್ರೆ ಮುತ್ತಜ್ಜ ಹೊತ್ತದ್ದೂ ಸುಳ್ಳಾ?”

“ಹೊತ್ತದ್ದು ನಿಜ.” ಅಜ್ಜಿಯ ದನಿ ಬದಲಾಯಿತು. “ಅಪ್ಪನ ಬೆನ್ನು ನಾನೇ ನೋಡಿದ್ದೀನಿ ಕಣೇ. ಹಗ್ಗ ಕೊರೆದ ಹಣೆ ನೋಡಿದ್ದೀನಿ. ಸತ್ತಾಗ ಪೆಟ್ಟಿಗೆಯಲ್ಲಿ ನೆಟ್ಟಗೆ ಮಲಗಿಸಕ್ಕೆ ಆಗಲಿಲ್ಲ. ಪಕ್ಕಕ್ಕೆ ಮಲಗಿಸಿದ್ವಿ.”

“ಮತ್ತೆ ಮೂರನೇ ಕಲ್ಲು? ಎಲ್ಲಿದೆ?”

ಅಜ್ಜಿ ಲೋಟದ ತಳದ ಗಷ್ಟನ್ನು ಅಂಗಳಕ್ಕೆ ಚೆಲ್ಲಿದಳು. ಹೊಸ ನಲ್ಲಿಯ ಕಡೆ ಲೋಟ ಚಾಚಿದಳು, ತೊಳೆದು ತಾ ಅಂತ.

“ಅವರೇ ಹುಡುಕಲಿ. ಸಿಕ್ಕಿದ್ರೆ ಅವರೇ ಹೊರಲಿ. ಈ ಸಲ ಅವರ ಸರದಿ.”